ಸರಳಿನ ಸಂದಿಯಲ್ಲಿ ತೂರುವ ಬ್ರಷ್ಷು

ಹೋದ ದಸರಾಕ್ಕೆ ಮುಂಚೆ ನಾನೊಂದು ದಡ್ಡತನ ಮಾಡಿದೆ. ಬೊಂಬೆ ಕೂರಿಸುವ ಮೊದಲು ಕಿಟಕಿಗಳನ್ನೆಲ್ಲ ತೊಳೆಯುವುದು ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ರೂಢಿ. ಮೊಬೈಲಿನಲ್ಲಿ ಕಂಡ ಒಂದು ಬ್ರಷ್ಷು ಬಹಳ ಚೆನ್ನಾಗಿತ್ತು. ಒಂದು ಕಡೆ ಸ್ಪಂಜು, ಇನ್ನೊಂದು ಕಡೆ ರಬ್ಬರ್ ಪಟ್ಟಿ, ಉದ್ದನೆಯ ಹಿಡಿ. 450 ರೂಪಾಯಿ ಕೊಟ್ಟು ತರಿಸಿಕೊಂಡೆ. ಹಾಲಿನ ಕಿಟಕಿಯ ಹತ್ತಿರ ಒಯ್ದು ನೋಡಿದರೆ ಅದರ ತಲೆ 10 ಇಂಚು ಅಗಲ, ನಮ್ಮ ಸರಳಿನ ಸಂದಿ 4 ಇಂಚು! ಉದ್ದುದ್ದಕ್ಕೆ ಹಿಡಿದು ಹೇಗೋ ಆಚೆಗೆ ತೂರಿಸಿದೆ. ಗಾಜು ಉಜ್ಜುವುದಕ್ಕೆ ಅಂತ ತಿರುಗಿಸಿದ ಮೇಲೆ ಮಾತ್ರ ವಾಪಸ್ ಬರಲು ಒಪ್ಪಲಿಲ್ಲ. ಕೊನೆಗೆ ನಮ್ಮವರು ಅಂಗಳದಲ್ಲಿ ನಿಂತು ಹಿಡಿ ಬಿಚ್ಚಿ ಬಿಡಿಸಿದರು. ನಗು ತಡೆದುಕೊಂಡಿದ್ದು ಮುಖದಲ್ಲೇ ಕಾಣುತ್ತಿತ್ತು.

ಆ ಬ್ರಷ್ಷಿನದೇನೂ ತಪ್ಪಿಲ್ಲ. ಸರಳೇ ಇಲ್ಲದ ಕಿಟಕಿಗೆ ಮಾಡಿದ್ದದು. ನಮ್ಮ ಕಡೆ ಸರಳಿಲ್ಲದ ಕಿಟಕಿ ಎಷ್ಟು ಮನೆಯಲ್ಲಿದೆ ಹೇಳಿ? ಅದಕ್ಕೇ ನಾನು ಹೇಳುವುದು, ಬ್ರಷ್ ತರಲು ಅಂಗಡಿಗೆ ಹೊರಡುವ ಮುಂಚೆ ಟೇಪ್ ಹಿಡಿದು ಸರಳಿನ ಸಂದಿ ಅಳೆಯಿರಿ. ಟೇಪ್ ಇಲ್ಲದಿದ್ದರೆ ಕೈಯನ್ನೇ ತೂರಿಸಿ ನೋಡಿ. ಬ್ರಷ್ ಹಿಡಿದ ಮುಷ್ಟಿ ಸಲೀಸಾಗಿ ಆಚೆ ಹೋಗಿ, ಮಣಿಕಟ್ಟು ತಿರುಗಿ, ಈಚೆ ಬರಬೇಕು. ಗ್ರಿಲ್ಲಿನಲ್ಲಿ ಹೂವು, ಬಳ್ಳಿ ಅಂತ ಡಿಸೈನ್ ಇದ್ದರೆ ಸಂದಿ ಇನ್ನೂ ಕಿರಿದು.

ಇನ್ನೊಂದು ವಿಷಯ. ಕಿಟಕಿ ಅಂದ ಕೂಡಲೇ ಎಲ್ಲರ ಕಣ್ಣೂ ಗಾಜಿನ ಮೇಲೆ ಹೋಗುತ್ತದೆ. ನಿಜವಾಗಿ ಗಾಜಿನ ಕೆಲಸ ಸುಲಭ. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಮುಗಿಯಿತು. ಜೀವ ತಿನ್ನುವುದು ಉಳಿದದ್ದು. ಸರಳು ಚೌಕಟ್ಟಿಗೆ ಸೇರುವ ಮೂಲೆ, ಕೀಲಿನ ಹಿಂದಿನ ಜೇಡರ ಬಲೆ, ಗಾಜಿನ ಅಂಚಿನ ಪುಟ್ಟಿ, ಸೊಳ್ಳೆ ಪರದೆ, ಜಾರುವ ಕಿಟಕಿಯ ಕೆಳಗಿನ ಗಾಡಿ, ಅಂದರೆ ಕಿಟಕಿ ಜಾರುವ ತೋಡು. ಬ್ರಷ್ ಬೇಕಾಗುವುದು ಅಲ್ಲಿಗೆ. ಆರಿಸುವಾಗ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸಂತೇಪೇಟೆಯ ಅಂಗಡಿಯಲ್ಲಿ ಬ್ರಷ್ಷಿನ ಗೊಂಚಲು ಗೊಂಚಲೇ ನೇತಾಡುತ್ತಿರುತ್ತದೆ. ತೆಂಗಿನ ನಾರಿನದು ಅಗ್ಗ, ಗಟ್ಟಿ. ಕಲ್ಲು ಚಪ್ಪಡಿ, ಬಚ್ಚಲು ತಿಕ್ಕುವುದಕ್ಕೆ ಅದನ್ನು ಮೀರಿಸಿದ್ದಿಲ್ಲ. ಕಿಟಕಿಗೆ ಬೇಡ. ಹೊಸದನ್ನು ನೀರಿನಲ್ಲಿ ನೆನೆಸಿದರೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಬಿಳಿ ಚೌಕಟ್ಟಿನ ಮೇಲೆ ಅದೇ ಕಲೆ ಕೂರುತ್ತದೆ. ಪೇಂಟಿನ ಹೊಳಪೂ ಹೋಗುತ್ತದೆ. ತಂತಿ ಬ್ರಷ್ಷನ್ನಂತೂ ಗಾಜಿನ ಹತ್ತಿರ ತರಲೇಬೇಡಿ. ಸರಳಿಗೆ ತುಕ್ಕು ಹಿಡಿದು, ಅದನ್ನು ಕೆರೆದು ರೆಡ್ ಆಕ್ಸೈಡ್ ಬಳಿಯುವ ದಿನ ಮಾತ್ರ ಅದರ ಕೆಲಸ.

ನಾನು ಆರಿಸುವುದು ನೈಲಾನ್ ಎಳೆಯದು. ತಲೆ ಮೂರು ಬೆರಳಗಲ, ಎಳೆ ಒಂದೂವರೆಯಿಂದ ಎರಡು ಇಂಚು ಉದ್ದ. ಎಳೆ ಗಿಡ್ಡ ಇದ್ದರೆ ಮೂಲೆಗೆ ಇಳಿಯುವುದಿಲ್ಲ, ತೀರಾ ಉದ್ದ ಇದ್ದರೆ ಬಳುಕಿ ಧೂಳಿನ ಮೇಲೆ ಜಾರುತ್ತದೆ. ತುದಿ ಸೀಳಿಕೊಂಡು ಪೊರಕೆಯ ಹಾಗೆ ಅರಳಿರುವ ಎಳೆ ಸಿಕ್ಕಿದರೆ ಬಿಡಬೇಡಿ. ಅದು ನೀರನ್ನೂ ಜಾಸ್ತಿ ಹಿಡಿಯುತ್ತದೆ, ಮೆತ್ತಗೂ ಇರುತ್ತದೆ. ಅಂಗಡಿಯಲ್ಲೇ ಮುಂಗೈ ಮೇಲೆ ಉಜ್ಜಿಕೊಳ್ಳಿ. ಕಚಗುಳಿ ಆದರೆ ಸರಿ, ಗೀರು ಬಿದ್ದರೆ ವಾಪಸ್ ಇಡಿ. ಹೆಬ್ಬೆರಳಿನಿಂದ ಎಳೆಯನ್ನು ಒಂದು ಕಡೆಗೆ ಒತ್ತಿ ಬಿಟ್ಟಾಗ ಎದ್ದು ನಿಲ್ಲಬೇಕು. ಒಂದೆರಡು ಎಳೆ ಜಗ್ಗಿಯೂ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಮ್ಮದು ಅಲ್ವಾ?

ಹಿಡಿಯ ವಿಷಯ ಯಾರೂ ಯೋಚಿಸುವುದಿಲ್ಲ. ನೇರ ಹಿಡಿಯ ಬ್ರಷ್ಷಿನಲ್ಲಿ ಕಿಟಕಿಯ ಮೇಲಿನ ಪಟ್ಟಿ ಉಜ್ಜಿ ನೋಡಿ. ಕೊಳೆ ನೀರು ಹಿಡಿಗುಂಟ ಇಳಿದು, ಬಳೆ ದಾಟಿ, ಮೊಣಕೈಗೆ ಬಂದು, ಅಲ್ಲಿಂದ ಸೀರೆಗೆ. ಕುತ್ತಿಗೆಯ ಹತ್ತಿರ ಸ್ವಲ್ಪ ಬಾಗಿರುವ ಹಿಡಿ ಆದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಮಣಿಕಟ್ಟಿಗೂ ಆರಾಮ. ನನ್ನ ಹಾಗೆ ಬೆರಳ ಗಂಟು ನೋಯುವವರು ದಪ್ಪ ಹಿಡಿಯದನ್ನೇ ಕೇಳಿ. ಮರದ ಹಿಡಿ ಕೈಗೆ ಹಿತ, ಒಪ್ಪುತ್ತೇನೆ. ಆದರೆ ತವರು ಸಕಲೇಶಪುರದಲ್ಲಿ ನೋಡಿದ್ದೇನಲ್ಲ, ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬೆಳೆಯುತ್ತದೆ.

ಇದರ ಜೊತೆಗೆ ಎರಡು ಇಂಚಿನ ಪೇಂಟ್ ಬ್ರಷ್ಷೊಂದು ಇರಲಿ. ಒಂದೇ ಬ್ರಷ್ ಸಾಲದಾ ಅಂದರೆ, ಒದ್ದೆ ಕೆಲಸಕ್ಕೆ ಸಾಕು. ಒಣ ಧೂಳಿಗೆ ಮಾತ್ರ ಪೇಂಟ್ ಬ್ರಷ್ಷೇ ಸರಿ. ಹಂದಿ ಕೂದಲಿನದು ಬೇಡ ಅನ್ನುವ ಮನೆಯವರು ನೈಲಾನಿನದು ಅಂತ ಕೇಳಿ ತನ್ನಿ. ಧೂಳನ್ನು ಒಣಗಿರುವಾಗಲೇ ಮೇಲಿನಿಂದ ಕೆಳಕ್ಕೆ ಹೊಡೆದು ಇಳಿಸಿ. ಮೊದಲೇ ನೀರು ಹಾಕಿದರೆ ಧೂಳು ಕೆಸರಾಗಿ ಸಂದಿಯಲ್ಲಿ ಕೂರುತ್ತದೆ, ಒಣಗಿದ ಮೇಲೆ ಸಿಮೆಂಟಿನ ಹಾಗೆ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಗಾಜಿಗೆ ಗೀರು ಬೀಳುವುದು ಹೆಚ್ಚಾಗಿ ಅದರಿಂದ, ಬ್ರಷ್ಷಿನಿಂದ ಅಲ್ಲ.

ಆಮೇಲೆ ನೈಲಾನ್ ಬ್ರಷ್ಷು. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಅಷ್ಟೇ. ನೊರೆ ಜಾಸ್ತಿಯಾದರೆ ತೊಳೆಯುವ ಹೊತ್ತಿಗೆ ಇನ್ನೆರಡು ಬಕೆಟ್ ನೀರು ಬೇಕು. ಆಚೆಗೆ ತೆರೆಯುವ ಕಿಟಕಿಯನ್ನು ಅರ್ಧ ತೆರೆದು, ಕೊಕ್ಕೆ ಹಾಕಿ ನಿಲ್ಲಿಸಿದರೆ ಒಳಗಿನಿಂದಲೇ ಎರಡು ಮೈಗೂ ಕೈ ಸಿಗುತ್ತದೆ. ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಬೇಡ, ಒರೆಸುವ ಮೊದಲೇ ಒಣಗಿ ಗೆರೆ ಉಳಿಯುತ್ತದೆ.

ಜಾರುವ ಅಲ್ಯೂಮಿನಿಯಂ ಕಿಟಕಿಯ ಕತೆಯೇ ಬೇರೆ. ಬೆಂಗಳೂರಿನಲ್ಲಿ ಮಗಳ ಫ್ಲ್ಯಾಟಿನಲ್ಲಿ ಮಳೆ ಬಂದಾಗಲೆಲ್ಲ ಕಿಟಕಿಯಿಂದ ನೀರು ಒಳಗೆ ಸೋರಿ ಮಂಚದ ಕಾಲು ನೆನೆಯುತ್ತಿತ್ತು. ಯಾರನ್ನೋ ಕರೆಸಿ ಸುತ್ತಲೂ ಸಿಲಿಕೋನ್ ಹಾಕಿಸಿದ್ದಳು, ದುಡ್ಡು ದಂಡ. ನಾನು ಹೋದಾಗ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕೆಳಗಿನ ಗಾಡಿಯಲ್ಲಿ ಹೊರಮುಖಕ್ಕೆ ಪುಟ್ಟ ತೂತುಗಳಿರುತ್ತವೆ, ಮಳೆ ನೀರು ಹರಿದು ಹೋಗಲಿ ಅಂತಲೇ ಮಾಡಿದ್ದು. ಮಣ್ಣು, ಸತ್ತ ಈಚಲು ಹುಳದ ರೆಕ್ಕೆ, ಪಾರಿವಾಳದ ಪುಕ್ಕ ಎಲ್ಲ ಸೇರಿ ಅವು ಮುಚ್ಚಿಹೋಗಿದ್ದವು. ಗಾಡಿ ತುಂಬಿದ ನೀರು ಒಳಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಪೇಂಟ್ ಬ್ರಷ್ಷಿನಿಂದ ಒಣ ಮಣ್ಣು ಗುಡಿಸಿ ತೆಗೆದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಕೆದಕಿದೆ. ಪೊರಕೆ ಕಡ್ಡಿಯಿಂದ ತೂತು ಬಿಡಿಸಿ ಒಂದು ಲೋಟ ನೀರು ಹೊಯ್ದೆ. ಸರ್ರನೆ ಆಚೆ ಹೋಯಿತು. ಮಗಳು ಸುಮ್ನೆ ನಿಂತು ನೋಡಿದಳು. ಸಿಲಿಕೋನಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೊಳ್ಳೆ ಪರದೆಗೆ ಆ ನೈಲಾನ್ ಬ್ರಷ್ಷನ್ನೇ ಹಗುರವಾಗಿ ಆಡಿಸಿ. ಒತ್ತಿದರೆ ಪರದೆ ಜೋಲು ಬೀಳುತ್ತದೆ, ಅಂಚಿನ ರಬ್ಬರಿನಿಂದ ಕಿತ್ತು ಬರುತ್ತದೆ. ಹಿಂದಿನಿಂದ ಅಂಗೈ ಆನಿಸಿಕೊಂಡು ಉಜ್ಜಿದರೆ ಆ ಭಯವಿಲ್ಲ.

ಮಗಳ ಮನೆ ಗಾಜಿನ ಮೇಲಿನ ಬಿಳಿ ಚುಕ್ಕಿಗೆ ಮಾತ್ರ ಯಾವ ಬ್ರಷ್ಷೂ ನಾಟಲಿಲ್ಲ. ಅದು ಬೋರ್‌ವೆಲ್ ನೀರಿನ ಸುಣ್ಣದಂಶ. ತಿಕ್ಕಿ ತೋಳು ನೋಯಿಸಿಕೊಳ್ಳಬೇಡಿ. ನಿಂಬೆಹಣ್ಣಿನ ಹೋಳು ಅಥವಾ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಅಂಟಿಸಿಟ್ಟು, ಆಮೇಲೆ ಒರೆಸಿ ತೊಳೆಯಿರಿ. ಕಿಟಕಿಯ ಕೆಳಗಿನ ಹಲಗೆ ಕಡಪ ಕಲ್ಲಿನದೋ ಅಮೃತಶಿಲೆಯದೋ ಆದರೆ ಹುಳಿ ಅದರ ಮೇಲೆ ಬೀಳದ ಹಾಗೆ ಬಟ್ಟೆ ಹಾಸಿಕೊಳ್ಳಿ. ಹುಳಿ ಬಿದ್ದ ಕಡೆ ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸದೆ ಬರುವುದಿಲ್ಲ.

ಪಾರಿವಾಳದ ಹಿಕ್ಕೆ ಇದ್ದರೆ ಒಣದನ್ನು ಗುಡಿಸಬೇಡಿ, ಆ ಪುಡಿ ಉಸಿರಿಗೆ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟಿ, ಚೆನ್ನಾಗಿ ನೆನೆಸಿ ಆಮೇಲೆ ತೆಗೆಯಿರಿ. ಮೇಲಿನ ಮಹಡಿಯವರು ಕೈಗೆ ಎಟುಕದ ಹೊರಗಾಜಿಗಾಗಿ ಹಲಗೆ ಹತ್ತಿ ನಿಲ್ಲಬೇಡಿ. ಕೊಳೆ ಇದ್ದರೆ ಇರಲಿ.

ಅಡುಗೆಮನೆ ಕಿಟಕಿಗೆ ಬೇರೆ ಬ್ರಷ್ಷೇ ಬೇಕು. ಒಗ್ಗರಣೆಯ ಜಿಡ್ಡು ಎಳೆಗೆ ಹತ್ತಿದರೆ ಅದು ಮಲಗುವ ಕೋಣೆಯ ಗಾಜಿಗೂ ಹೋಗಿ ಮಂಜು ಕವಿದ ಹಾಗೆ ಕೂರುತ್ತದೆ. ಬಿಸಿ ನೀರು, ಸೋಪು ಸಾಕು. ವಾಷಿಂಗ್ ಸೋಡಾ ಹಾಕಿದರೆ ಅಲ್ಯೂಮಿನಿಯಂ ಕಪ್ಪಿಡುತ್ತದೆ. ಕೆಲಸ ಮುಗಿದ ಮೇಲೆ ಬ್ರಷ್ ಕೊಡವಿ, ಎಳೆ ಕೆಳಮುಖವಾಗಿ ಮೊಳೆಗೆ ನೇತುಹಾಕಿ. ಎಳೆಯ ಮೇಲೇ ನಿಲ್ಲಿಸಿಟ್ಟರೆ ಎರಡೇ ತಿಂಗಳಲ್ಲಿ ಸೊಟ್ಟಗಾಗುತ್ತದೆ. ಗುರುತಿಗೆ ಇರಲಿ ಅಂತ ನಾನು ಅಡುಗೆಮನೆಯದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಆ ಗುರುತು ನನ್ನ ಮೊಮ್ಮಗನಿಗೂ ಗೊತ್ತು. ಸೈಕಲ್ ಚೈನ್ ತೊಳೆಯುವುದಕ್ಕೆ ಅವನು ಒಯ್ಯುವುದು ಕೆಂಪು ದಾರ ಇಲ್ಲದ್ದನ್ನೇ.