ಸಾಫ್ಟ್ ಪ್ಲೇ ಹಾಕಿಸುವಾಗ ರೆಕ್ಸಿನ್ ಒಳಗಿನ ಫೋಮಿಗೂ ಸರ್ಟಿಫಿಕೇಟ್ ಕೇಳಿ

ಮಾಲ್‌ನಲ್ಲೋ ಪಾರ್ಟಿ ಹಾಲ್‌ನಲ್ಲೋ ಮಕ್ಕಳ ಸಾಫ್ಟ್ ಪ್ಲೇ (ಮೆತ್ತನೆ ಫೋಮ್ ಹೊದಿಸಿದ ಆಟದ ರಚನೆ) ಹಾಕಿಸುವಾಗ ಸಪ್ಲೈಯರ್ ‘ಫೈರ್ ರಿಟಾರ್ಡೆಂಟ್’, ಅಂದರೆ ಸುಲಭಕ್ಕೆ ಬೆಂಕಿ ಹಿಡಿಯದ್ದು, ಎಂಬ ಒಂದು ಕಾಗದ ಕೊಟ್ಟರೆ, ಅದು ಯಾವ ವಸ್ತುವಿನದು ಎಂದು ಮೊದಲು ಓದಿ. ಮೇಲಿನ ರೆಕ್ಸಿನ್‌ನದಾಗಿದ್ದರೆ ಅರ್ಧ ಕೆಲಸವಷ್ಟೇ ಆಗಿದೆ. ಒಳಗಿನ ಪಾಲಿಯುರೆಥೇನ್ ಫೋಮಿನ ತುಂಬ ಗಾಳಿ. ಬೆಂಕಿ ಸರ್ರನೆ ಹಬ್ಬುತ್ತದೆ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜತೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಫ್ರೇಮಿನ ಪೈಪಿಗೆ ಸುತ್ತುವ ಇಪಿಇ (ಉಬ್ಬಿಸಿದ ಪಾಲಿಎಥಿಲೀನ್) ಫೋಮ್ ಕರಗಿ, ಉರಿಯುವ ಹನಿಯಾಗಿ ಕೆಳಗಿನ ಮ್ಯಾಟ್ ಮೇಲೆ ತೊಟ್ಟಿಕ್ಕುತ್ತದೆ.

ಹಾಗಾಗಿ ಆರ್ಡರ್‌ನಲ್ಲೇ ಪ್ರತಿ ವಸ್ತುವಿನ ಮುಂದೆ ಪರೀಕ್ಷೆಯ ಹೆಸರು ಬರೆಸಿ. ಅಮೆರಿಕದ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಇಂಥ ಆಟದ ರಚನೆಗಳಿಗೆಂದೇ ಅಳತೆಗಳಿವೆ. ರೆಕ್ಸಿನ್‌ನಂಥ ಹೊದಿಕೆ ಬಟ್ಟೆಗೆ ಎನ್‌ಎಫ್‌ಪಿಎ 701 ಎಂಬ ಬೆಂಕಿ ಪರೀಕ್ಷೆ. ಫೋಮ್, ಪೈಪಿನದೂ ಸೇರಿ, ಯುಎಲ್ 1975 ಎಂಬ ಪರೀಕ್ಷೆಯಲ್ಲಿ ಉರಿಯುವಾಗ ಹೊರಬಿಡುವ ಶಾಖ 100 ಕಿಲೋವಾಟ್ ದಾಟಬಾರದು. ಅದರ ಮೇಲೆ 701 ಪಾಸಾದ ಹೊದಿಕೆಯೂ ಬೇಕು. ಬಾಲ್ ಪೂಲ್ ಚೆಂಡಿಗೂ ಅದೇ 100 ಕಿಲೋವಾಟ್ ಮಿತಿ. ಒಂದೇ ಚೆಂಡು ಸುಟ್ಟು ನೋಡುವುದಲ್ಲ: 3 ಅಡಿ ಉದ್ದಗಲ, 21 ಇಂಚು ಆಳದ ಕೋಳಿ ಜಾಲರಿ ಪೆಟ್ಟಿಗೆ ತುಂಬ ಚೆಂಡು ಹಾಕಿ ಸುಡುತ್ತಾರೆ. ರಚನೆಗೂ ಗೋಡೆಗೂ ನಡುವೆ 5 ಅಡಿ, ಎರಡು ರಚನೆಗಳ ನಡುವೆ 20 ಅಡಿ ಬಿಡಬೇಕು. ಬಾಡಿಗೆ ಜಾಗದಲ್ಲಿ ಮೊದಲು ಕತ್ತರಿ ಬೀಳುವುದು ಈ 5 ಅಡಿಗೇ. ಇಲ್ಲಿನ ಅಗ್ನಿಶಾಮಕ ಇಲಾಖೆಯ ಅನುಮತಿ ಬೇರೆಯೇ. ಈ ಅಂಕಿಗಳು ಅದಕ್ಕೆ ಬದಲಲ್ಲ.

ಮಾಲು ಬಂದಾಗ ರೋಲ್ ಮೇಲಿನ ಬ್ಯಾಚ್ ನಂಬರನ್ನೂ ದಪ್ಪವನ್ನೂ ರಿಪೋರ್ಟ್ ಜತೆ ತಾಳೆ ನೋಡಿ. ಬಟ್ಟೆಯಲ್ಲಿ ಅನುಮಾನವಿದ್ದರೆ ಬೆರಳಗಲ, ಗೇಣುದ್ದದ ಪಟ್ಟಿ ಕತ್ತರಿಸಿ ಬಯಲಿಗೆ ಒಯ್ಯಿರಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಇಕ್ಕಳದಲ್ಲಿ ನೇತಾಡುವಂತೆ ಹಿಡಿದು, ಕೆಳತುದಿಗೆ 12 ಸೆಕೆಂಡ್ ಬೆಂಕಿಕಡ್ಡಿ ಒಡ್ಡಿ. ಕಡ್ಡಿ ತೆಗೆದ ಮೇಲೆ 2 ಸೆಕೆಂಡಿಗಿಂತ ಹೆಚ್ಚು ಉರಿದರೆ, ಅಥವಾ ಬಿದ್ದ ಹನಿ ನೆಲದಲ್ಲೂ ಉರಿದರೆ ಆ ರೋಲ್ ವಾಪಸ್ ಕಳಿಸಿ. ಆರಿಹೋದರೆ ಪಾಸು ಎಂದಲ್ಲ, ತೀರಾ ಕಳಪೆಯಲ್ಲ ಎಂದಷ್ಟೇ. ಫೋಮಿಗೆ ಈ ಕಡ್ಡಿ ಪರೀಕ್ಷೆ ಬೇಡ.

ಶುರುವಿನಲ್ಲಿ ಸರಿಯಿದ್ದದ್ದು ಕೆಡುವುದು ರಿಪೇರಿಯಲ್ಲಿ. ರಾಸಾಯನಿಕ ಬರೀ ಮೇಲೆ ಲೇಪಿಸಿದ ಬಟ್ಟೆಯಾದರೆ ತೊಳೆದಂತೆ ಗುಣ ಇಳಿಯುತ್ತದೆ. ಹೊಲಿಗೆ ಬಿಟ್ಟ ಮೂಲೆಯಲ್ಲಿ ಹಳದಿ ಫೋಮ್ ಇಣುಕಿದರೆ ಹೊದಿಕೆ ಇದ್ದೂ ಇಲ್ಲದಂತೆ, ಅಂದೇ ಮುಚ್ಚಿಸಿ. ಮೊದಲೇ ಅದೇ ರೋಲ್‌ನಿಂದ 2 ಮೀಟರ್ ಹೆಚ್ಚು ಕೊಂಡಿಟ್ಟರೆ ಪೇಟೆಯ ಯಾವುದೋ ರೆಕ್ಸಿನ್ ಹಚ್ಚುವ ಪಾಡಿಲ್ಲ. ಇನ್ನು ವೆಲ್ಡಿಂಗ್: 2024ರ ಮೇ 25ರಂದು 25ಕ್ಕೂ ಹೆಚ್ಚು ಜನ ಸತ್ತ ರಾಜ್‌ಕೋಟ್ ಗೇಮ್ ಝೋನ್ ಬೆಂಕಿ ಹೊತ್ತಿದ್ದು ವೆಲ್ಡಿಂಗ್ ಕಿಡಿಯಿಂದ. ಫ್ರೇಮ್ ಬಿರುಕು ಬಿಟ್ಟರೆ ಆ ಭಾಗ ಬಿಚ್ಚಿ ಹೊರಗೆ ಒಯ್ದು ಬೆಸೆಯಿಸಿ. ಬಿಚ್ಚಲಾಗದಿದ್ದರೆ ಬೋಲ್ಟ್ ಕ್ಲ್ಯಾಂಪ್ ಹಾಕಿಸಿ.