ಸೇವ್ ಒತ್ತುವ ಮೊದಲು: ಸ್ಕ್ಯಾನ್ ಪುಟಗಳಿಗೆ ಸರಿಯಾದ ಸೆಟ್ಟಿಂಗ್

ಸ್ಕ್ಯಾನ್ ಮಾಡಿದ ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ಓಸಿಆರ್ ತಂತ್ರಾಂಶ ಪುಟವನ್ನು ಓದಿ ಮುಗಿಸಿದ ಮೇಲೆ ಸೇವ್ ಒತ್ತುತ್ತೇವೆ. ಆಯ್ಕೆಗಳಿಂದ ತುಂಬಿದ ಒಂದು ಕಿಟಕಿ ತೆರೆಯುತ್ತದೆ. ಹೆಚ್ಚಿನವರು ಏನನ್ನೂ ಮುಟ್ಟದೆ ಓಕೆ ಒತ್ತಿಬಿಡುತ್ತಾರೆ. ಅಲ್ಲಿ ಎರಡು ನಿಮಿಷ ನಿಲ್ಲಿ. ಈ ಕಡತವನ್ನು ಹಾಗೇ ಕಾಪಾಡಬೇಕೋ, ತಿದ್ದಬೇಕೋ ಅಂತ ಮೊದಲು ತೀರ್ಮಾನಿಸಿ. ಉಳಿದ ಆಯ್ಕೆಗಳೆಲ್ಲ ಅದರ ಮೇಲೆ ನಿಂತಿವೆ.

ಕಾಪಾಡುವುದಾದರೆ ಪಿಡಿಎಫ್. ಅದರಲ್ಲಿ ‘ಪುಟದ ಚಿತ್ರದ ಅಡಿಯಲ್ಲಿ ಪಠ್ಯ’ ಎಂಬ ಅರ್ಥದ ಆಯ್ಕೆ ಇರುತ್ತದೆ. ಕೆಲವು ತಂತ್ರಾಂಶಗಳಲ್ಲಿ ಇದೇ ‘ಸರ್ಚೆಬಲ್ ಪಿಡಿಎಫ್’. ಅದನ್ನೇ ಆರಿಸಿ. ಕಣ್ಣಿಗೆ ಕಾಣುವುದು ಮೂಲ ಪುಟದ ಚಿತ್ರ. ಗುರುತಿಸಿದ ಅಕ್ಷರಗಳು ಅದರ ಹಿಂದೆ ಅಡಗಿರುತ್ತವೆ, ಹುಡುಕಲು ಮತ್ತು ನಕಲು ಮಾಡಲು ಸಿಗುತ್ತವೆ. ಓಸಿಆರ್ ಒಂದು ಒತ್ತಕ್ಷರವನ್ನು ತಪ್ಪಾಗಿ ಓದಿದ್ದರೂ ಚಿತ್ರದಲ್ಲಿ ಸರಿಯಾದದ್ದೇ ಇರುತ್ತದೆ. ‘ಪಠ್ಯ ಮತ್ತು ಚಿತ್ರಗಳು ಮಾತ್ರ’ ಎಂಬ ಆಯ್ಕೆಯಲ್ಲಿ ಕಡತ ಚಿಕ್ಕದಾಗುತ್ತದೆ ನಿಜ, ಆದರೆ ಮೂಲ ಪುಟವೇ ಹೋಗಿಬಿಡುತ್ತದೆ. ದಾಖಲೆಗಳಿಗೆ ಅದು ಬೇಡವೇ ಬೇಡ.

ಇನ್ನು ಚಿತ್ರದ ಗುಣಮಟ್ಟ. ಸಾಮಾನ್ಯ ಅಕ್ಷರಕ್ಕೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು. ಅಕ್ಷರ ತುಂಬಾ ಚಿಕ್ಕದಿದ್ದರೆ 400ರಿಂದ 600. ಎ4 ಪುಟ 300 ಡಿಪಿಐನಲ್ಲಿ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತದೆ. ಕುಗ್ಗಿಸದಿದ್ದರೆ ಬಣ್ಣದಲ್ಲಿ 26 ಎಂಬಿ, ಬೂದು ಛಾಯೆಯಲ್ಲಿ ಅದರ ಮೂರನೇ ಒಂದು ಪಾಲು. ಮುದ್ರೆ, ಬಣ್ಣದ ಶಾಯಿ ಇದ್ದರೆ ಬಣ್ಣ ಉಳಿಸಿ. ಬರೀ ಅಚ್ಚಾದ ಪುಟಕ್ಕೆ ಬೂದು ಸಾಕು.

ಕಡತವನ್ನು ಕುಗ್ಗಿಸುವ ಆಯ್ಕೆಯಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಕಪ್ಪು-ಬಿಳುಪು ಪುಟಗಳಿಗೆ ಬಳಸುವ ಜೆಬಿಗ್2 ಎಂಬ ವಿಧಾನದಲ್ಲಿ ಎರಡು ಬಗೆ. ಒಂದರಲ್ಲಿ ಏನೂ ನಷ್ಟವಾಗುವುದಿಲ್ಲ. ಇನ್ನೊಂದು, ಒಂದೇ ಥರ ಕಾಣುವ ಅಕ್ಷರಗಳ ಪೈಕಿ ಒಂದರ ಚಿತ್ರವನ್ನು ಮಾತ್ರ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಹೀಗೆ ಅಂಟಿಸುವುದರಿಂದ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು ಪತ್ತೆಹಚ್ಚಿದರು. ಕಟ್ಟಡದ ನಕ್ಷೆಯೊಂದರಲ್ಲಿ ಬೇರೆ ಬೇರೆ ಕೋಣೆಗಳಿಗೆ ಒಂದೇ ಅಳತೆ ಬಂದಿತ್ತು. 6 ಇದ್ದ ಕಡೆ 8 ಬಂದದ್ದೂ ಉಂಟು. ಭಯವಾಗುವುದು ಇದಕ್ಕೇ: ಪುಟ ಮಸುಕಾಗಿದ್ದರೆ ನಮಗೆ ಅನುಮಾನ ಬರುತ್ತದೆ. ಇಲ್ಲಿ ತಪ್ಪು ಅಂಕಿಯೇ ನಿಚ್ಚಳವಾಗಿ ಕಾಣುತ್ತದೆ. ‘ಲಾಸಿ’ (ನಷ್ಟವಾಗುವ ಬಗೆ) ಎಂದಿದ್ದರೆ ತೆಗೆಯಿರಿ, ‘ಲಾಸ್‌ಲೆಸ್’ ಇಡಿ. ಲೆಕ್ಕಪತ್ರ, ವೈದ್ಯಕೀಯ ವರದಿಗಳಿಗೆ ಈ ಎಚ್ಚರವನ್ನು ಮರೆಯಲೇಬಾರದು.

ಬಹಳ ವರ್ಷ ಉಳಿಯಬೇಕಾದ ದಾಖಲೆಯೇ? ಪಿಡಿಎಫ್/ಎ ಎಂಬುದಕ್ಕೆ ಟಿಕ್ ಹಾಕಿ. 2005ರಲ್ಲಿ ಐಎಸ್‌ಒ ಮಾನದಂಡವಾದ ಇದು ಬೇಕಾದ ಫಾಂಟನ್ನೆಲ್ಲ ಕಡತದೊಳಗೇ ಇಡುತ್ತದೆ. ಆದರೆ ಇದಕ್ಕೆ ಪಾಸ್‌ವರ್ಡ್ ಹಾಕಲಾಗದು.

ತಿದ್ದಬೇಕಾದರೆ ವರ್ಡ್ ಕಡತ. ‘ಯಥಾಪ್ರತಿ’ ಎಂಬ ಆಯ್ಕೆ ನೋಡಲು ಚೆಂದ, ಆದರೆ ಸಾಲುಗಳು ಚೌಕಟ್ಟುಗಳಲ್ಲಿ ಸಿಕ್ಕಿಕೊಂಡು ತಿದ್ದುವುದೇ ಕಷ್ಟ. ‘ತಿದ್ದಬಹುದಾದ ಪ್ರತಿ’ ಆರಿಸಿ. ಸಾಲು ಮುರಿಯುವ ಜಾಗಗಳನ್ನು ಉಳಿಸುವ ಆಯ್ಕೆಯನ್ನು ಗದ್ಯಕ್ಕೆ ತೆಗೆಯಿರಿ, ಕವಿತೆಗೆ ಇಡಿ. ಬರೀ ಪಠ್ಯದ ಕಡತವಾದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತಗಳಾಗಿ ಬರೆದಿಡುವ ಪದ್ಧತಿ) ಯುಟಿಎಫ್-8 ಇರಲಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಬರಬಹುದು.

ಸೇವ್ ಆದ ಮೇಲೆ ಕಡತವನ್ನು ಮತ್ತೆ ತೆರೆಯಿರಿ. ನಡುವಿನ ಯಾವುದಾದರೂ ಪುಟದಿಂದ ಒಂದು ಹೆಸರನ್ನು ಹುಡುಕಿ. ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಅಂಕಿಗಳಿದ್ದರೆ ಕಾಗದದ ಜೊತೆ ಹೋಲಿಸಿ. ಅಷ್ಟಾಗುವ ತನಕ ಮೂಲ ಕಾಗದ ಕೈಯಲ್ಲೇ ಇರಲಿ.