ಹಳೆಯ ಮಾನಿಟರನ್ನು ಸಾಫ್ಟ್‌ವೇರ್ ಸುಡುತ್ತದಾ? ನಾನು ನೋಡಿಕೊಳ್ಳುವ ರೀತಿ

ಮಡಿಕೇರಿಯಲ್ಲಿ ಹಳೇ ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ಜನ ಆಗಾಗ ಕೇಳುತ್ತಾರೆ: ಬರೀ ಪ್ರೋಗ್ರಾಮ್ ಓಡಿಸಿದರೆ ಯಂತ್ರ ಸುಟ್ಟುಹೋಗುತ್ತದಾ? ಎಲ್ಲದರಲ್ಲೂ ಇಲ್ಲ. ಕೆಲವದರಲ್ಲಿ ಖಂಡಿತ ಹೌದು.

ಒಂದು ಕಾಫಿ ತೋಟದ ಆಫೀಸಿನ ಅಟ್ಟದಿಂದ ಐಬಿಎಂ 5151 ಮಾನಿಟರ್ ಬಂತು. 1981ರ ಮಾಡೆಲ್, ಹಸಿರು ಅಕ್ಷರದ್ದು. ಅಡ್ಡ ಗೆರೆ ಎಳೆಯಲು ಇದರೊಳಗೆ ಸ್ವಂತ ಆಸಿಲೇಟರ್ (ತಾಳ ಹಾಕುವ ಸರ್ಕ್ಯೂಟ್) ಇಲ್ಲ, ಕಂಪ್ಯೂಟರ್‌ನ ಡಿಸ್‌ಪ್ಲೇ ಕಾರ್ಡ್ ಕಳಿಸುವ ಸಿಂಕ್, ಅಂದರೆ ಪ್ರತಿ ಗೆರೆ ಯಾವಾಗ ಶುರುವಾಗಬೇಕು ಅನ್ನುವ ಸಿಗ್ನಲ್, ಹೇಗಿದೆಯೋ ಹಾಗೇ ನಡೆಯುತ್ತದೆ. ಆ ಸಿಂಕ್ ಎಷ್ಟಿರಬೇಕು ಅನ್ನುವುದು ಕಾರ್ಡ್‌ನ 6845 ಚಿಪ್‌ಗೆ ಪ್ರೋಗ್ರಾಮ್ ಬರೆಯುವ ಅಂಕಿಯಲ್ಲಿದೆ. ಬೇಕಾದದ್ದು 18.432 ಕಿಲೋಹರ್ಟ್ಸ್. ತಪ್ಪು ಅಂಕಿ ಬಿದ್ದು ಫ್ರೀಕ್ವೆನ್ಸಿ ಇಳಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಜಾಸ್ತಿ ಹೊತ್ತು ಆನ್ ಇರುತ್ತದೆ, ಕರೆಂಟ್ ಏರುತ್ತದೆ, ಬಿಸಿಯಾಗಿ ಇಎಚ್‌ಟಿ (ಪಿಕ್ಚರ್ ಟ್ಯೂಬ್‌ಗೆ ಭಾರೀ ವೋಲ್ಟೇಜ್ ಕೊಡುವ ಭಾಗ) ಸಮೇತ ಹೋಗಬಹುದು.

ಮೊದಲು ಅದನ್ನು ಬಿಚ್ಚಿ ಚೆನ್ನಾಗಿ ಒಣಗಿಸಿದೆ. ನಮ್ಮ ಮಳೆಗಾಲದ ತೇವ, ಧೂಳು ಸೇರಿದರೆ ಇಎಚ್‌ಟಿ ಹತ್ತಿರ ಕಿಡಿ ಹಾರುತ್ತದೆ, ಆಮೇಲೆ ಬೈಗುಳ ಸಾಫ್ಟ್‌ವೇರ್‌ಗೆ ಬೀಳುತ್ತದೆ! ಆಮೇಲೆ ಮಾನಿಟರ್ ಜೋಡಿಸದೇ ಕಾರ್ಡನ್ನಷ್ಟೇ ಆನ್ ಮಾಡಿ, ಸಾಕೆಟ್‌ನ 8ನೇ ಪಿನ್‌ಗೆ ಫ್ರೀಕ್ವೆನ್ಸಿ ತೋರಿಸುವ ಮಲ್ಟಿಮೀಟರ್ ಹಿಡಿದೆ. ಪ್ರತಿಯೊಂದು ಗೇಮ್, ಪ್ರತಿಯೊಂದು ಗ್ರಾಫಿಕ್ಸ್ ಪ್ರೋಗ್ರಾಮನ್ನೂ ಹೀಗೇ ಓಡಿಸಿ ಮೀಟರ್ ನೋಡಿದೆ. 18.4ರ ಹತ್ತಿರ ನಿಂತದ್ದು ಮಾತ್ರ ಮಾನಿಟರ್‌ಗೆ ಹೋಯಿತು. ಇಷ್ಟಾದರೂ ಮೊದಲ ಸಲ ಓಡಿಸುವಾಗ ಕೈ ಸ್ವಿಚ್ ಮೇಲೇ ಇರುತ್ತದೆ. ನನ್ನ ವಯಸ್ಸಿನ ಕಿವಿಗೆ 18 ಕಿಲೋಹರ್ಟ್ಸ್ ಕೇಳಿಸುವುದಿಲ್ಲ, ಹಾಗಾಗಿ ಸಣ್ಣ ಸಿಳ್ಳೆ ಶುರುವಾದರೆ ಫ್ರೀಕ್ವೆನ್ಸಿ ಇಳಿದಿದೆ ಅಂತಲೇ ಲೆಕ್ಕ. ತಕ್ಷಣ ಆಫ್.

ಕಮೊಡೋರ್ ಪೆಟ್ ಅನ್ನುವ ಹಳೇ ಕಂಪ್ಯೂಟರ್‌ನ ಕಥೆ ಕೇಳಿರಬಹುದು ಅಲ್ವಾ? ‘ಪೋಕ್ 59458,62’ ಅಂತ, ಅಂದರೆ ಒಂದು ವಿಳಾಸಕ್ಕೆ ನೇರವಾಗಿ ಅಂಕಿ ಬರೆಯುವ ಆಜ್ಞೆ, ಕೊಟ್ಟರೆ ಮೊದಲ ಮಾಡೆಲ್‌ಗಳಲ್ಲಿ ಅಕ್ಷರ ಬೇಗ ಮೂಡುತ್ತಿತ್ತು. ಸರ್ಕ್ಯೂಟ್ ಬದಲಾದ ಮುಂದಿನ ಮಾಡೆಲ್‌ಗಳಲ್ಲಿ ಅದೇ ಸಾಲು ಡಿಸ್‌ಪ್ಲೇಗೆ ಅಪಾಯ. 1999ರ ಏಪ್ರಿಲ್ 26ರಂದು ಕಾಟ ಕೊಟ್ಟ ಸಿಐಎಚ್ ವೈರಸ್ ಬೇರೆ ಜಾತಿ. ಅದು ಬಯಾಸ್ ಚಿಪ್‌ನಲ್ಲಿದ್ದ, ಕಂಪ್ಯೂಟರ್ ಶುರುವಾಗಲು ಬೇಕಾದ ಬರಹವನ್ನು ಕೆಡಿಸುತ್ತಿತ್ತು, ಚಿಪ್ ಸುಡುತ್ತಿರಲಿಲ್ಲ, ಚಿಪ್‌ಗೆ ಬರೆಯುವ ಪ್ರೋಗ್ರಾಮರ್ ಅನ್ನುವ ಉಪಕರಣದಲ್ಲಿಟ್ಟು ಮತ್ತೆ ಬರೆದರೆ ಬೋರ್ಡ್ ಏಳುತ್ತಿತ್ತು. ಇನ್ನು ಆಮೇಲೆ ಬಂದ, ಹಲವು ಫ್ರೀಕ್ವೆನ್ಸಿಗೆ ಹೊಂದಿಕೊಳ್ಳುವ ಮಲ್ಟಿಸಿಂಕ್ ಮಾನಿಟರ್‌ಗಳು, ತಮಗೆ ಹೊಂದದ ಸಿಂಕ್ ಬಂದರೆ ಹೆಚ್ಚಿನವು ಸುಮ್ನೆ ಪರದೆ ಕಪ್ಪು ಮಾಡಿಕೊಳ್ಳುತ್ತವೆ. ಅವುಗಳ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ತೋಟದವರಿಗೆ ಯಂತ್ರ ವಾಪಸ್ ಕೊಡುವಾಗ ಮೀಟರ್ ಹಿಡಿದು ನೋಡಿದ ಪ್ರೋಗ್ರಾಮ್‌ಗಳ ಫ್ಲಾಪಿಗಳನ್ನು ಮಾತ್ರ ಜೊತೆಗೆ ಕಳಿಸಿದೆ. ಬೇರೆ ಏನಾದರೂ ಹಾಕುವ ಮುಂಚೆ ನನಗೆ ಫೋನ್ ಮಾಡಿ ಅಂತ ಹೇಳಿದ್ದೇನೆ.